ರುಜು ಮತ್ತು ರುಜುವಾತು

(ಕವಿಗಳ ಸಹಿಯುಳ್ಳ ಅಪರೂಪದ ಕವನ ಪುಸ್ತಿಕೆಗಳ ಸಂಗ್ರಹವನ್ನು ಕುರಿತ ಉಪನ್ಯಾಸದ ಪಠ್ಯ)



ಸಹಿ ಎಂಬುದಕ್ಕೆ ಕನ್ನಡದಲ್ಲಿ ರುಜು ಎಂಬ ಮಾತೂ ಬಳಕೆಯಲ್ಲಿದೆ. ಸಾಕ್ಷ್ಯಕ್ಕೆ ರುಜುವಾತು ಎನ್ನುತ್ತೇವೆ. ಕಚೇರಿ, ಕೋರ್ಟುಗಳ ದಾರಿಯಿಂದ ಬಂದು ಮನೆಮಾತಾದ ಈ ಎರಡು ಶಬ್ದಗಳು ಅಕ್ಕಪಕ್ಕದಲ್ಲೇ ನಿಂತಿರುವುದು ಸುಮ್ಮನೆ ಅಲ್ಲ. ಕವಿಯ ರುಜು ಇರುವ ಹಳೆಯ ಪುಸ್ತಿಕೆಗಳಿಗಾಗಿ ಹಂಬಲಿಸುವವರ ಹವ್ಯಾಸ ಅರ್ಥವಾಗಬೇಕಾದರೆ ಈ ನಂಟನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಪ್ಪತ್ತೋ ನಲವತ್ತೋ ಪುಟಗಳ ಒಂದು ತೆಳುವಾದ ಹೊತ್ತಗೆ. ಗಟ್ಟಿ ರಟ್ಟೂ ಇಲ್ಲ. ಅದರಲ್ಲಿರುವ ಕವನಗಳೆಲ್ಲ ಆ ಕವಿಯ ಸಮಗ್ರ ಸಂಪುಟದಲ್ಲಿ ಅಗ್ಗದ ಬೆಲೆಗೆ ಸಿಗುತ್ತವೆ. ಹಾಗಿದ್ದೂ ಅದರ ಮೊದಲ ಮುದ್ರಣದ ಪ್ರತಿಗಾಗಿ, ಅದರಲ್ಲೂ ಕವಿ ಸಹಿ ಹಾಕಿದ ಪ್ರತಿಗಾಗಿ, ಸಾವಿರಗಟ್ಟಲೆ, ಲಕ್ಷಗಟ್ಟಲೆ ಹಣ ತೆರುವವರಿದ್ದಾರೆ. ಇದು ಉಳ್ಳವರ ಹುಚ್ಚೇ, ಅಥವಾ ಇದರಿಂದ ಸಾಹಿತ್ಯಕ್ಕೆ ಏನಾದರೂ ಪ್ರಯೋಜನವಿದೆಯೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಹುಡುಕಲು ಅತಿ ದುಬಾರಿ ಸಹಿಯೊಂದರ ಕಥೆಗಿಂತ, ಸಹಿಯೇ ಇಲ್ಲದ ಒಂದು ಪುಸ್ತಿಕೆಯ ಕಥೆ ಹೆಚ್ಚು ನೆರವಾಗುತ್ತದೆ. ಅದು ಇಂಗ್ಲೆಂಡಿನಲ್ಲಿ ನಡೆದದ್ದು. ಅದಕ್ಕೆ ಮೊದಲು ಈ ಪುಸ್ತಿಕೆಗಳ ಪೂರ್ವೋತ್ತರವನ್ನು ಸ್ವಲ್ಪ ನೋಡೋಣ.

ಕಾಸಿನ ಪುಸ್ತಿಕೆ, ಕೈಮಗ್ಗದಂಥ ಮುದ್ರಣ

ಇಂಥ ಹೊತ್ತಗೆಗೆ ಇಂಗ್ಲಿಷಿನಲ್ಲಿ ಚಾಪ್‌ಬುಕ್ ಎಂದು ಹೆಸರು. ಚಾಪ್‌ಮನ್ ಎಂದರೆ ಹೆಗಲಿಗೆ ಗಂಟು ಹಾಕಿಕೊಂಡು ಊರೂರು ತಿರುಗುವ ವ್ಯಾಪಾರಿ. ಸೂಜಿ, ದಾರ, ರಿಬ್ಬನ್ನುಗಳ ಜೊತೆಗೆ ಆತ ಹಾಡಿನ, ಕಥೆಯ, ಭವಿಷ್ಯದ ಪುಟ್ಟ ಪುಸ್ತಕಗಳನ್ನೂ ಮಾರುತ್ತಿದ್ದ. ಒಂದೇ ಹಾಳೆಯನ್ನು ಮಡಚಿ ಎಂಟು, ಹದಿನಾರು ಅಥವಾ ಇಪ್ಪತ್ತನಾಲ್ಕು ಪುಟ ಮಾಡಿದ ಈ ಪುಸ್ತಕಗಳ ಬೆಲೆ ಒಂದೆರಡು ಪೆನ್ನಿ. ನಮ್ಮ ಜಾತ್ರೆಗಳಲ್ಲಿ ಲಾವಣಿ, ತತ್ವಪದಗಳ ಪುಸ್ತಿಕೆಗಳು ಮಾರಾಟವಾಗುವುದನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಓದಿದ ಮೇಲೆ ಅವು ಒಲೆಗೋ, ಸಾಮಾನು ಕಟ್ಟುವುದಕ್ಕೋ ಹೋಗುತ್ತಿದ್ದವು. ಹದಿನೇಳನೆಯ ಶತಮಾನದ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಇಂಥವನ್ನು ಆರಿಸಿ, ಜೋಡಿಸಿ, ಬೈಂಡ್ ಮಾಡಿಸಿಟ್ಟ. ಕೇಂಬ್ರಿಜಿನ ಮೊಡ್ಲಿನ್ ಕಾಲೇಜಿನಲ್ಲಿ ಇಂದಿಗೂ ಉಳಿದಿರುವ ಆ ಸಂಗ್ರಹ ಇಲ್ಲದಿದ್ದರೆ, ಆ ಕಾಲದ ಸಾಮಾನ್ಯ ಜನ ಏನು ಓದುತ್ತಿದ್ದರು, ಏನು ಹಾಡುತ್ತಿದ್ದರು ಎಂಬುದರ ಎಷ್ಟೋ ಭಾಗ ಮರೆಯಾಗಿ ಹೋಗುತ್ತಿತ್ತು. ಸಂಗ್ರಾಹಕನ ಮೊದಲ ಉಪಕಾರ ಇದು: ಇತರರು ಎಸೆದದ್ದನ್ನು ಆತ ಎತ್ತಿಡುತ್ತಾನೆ.

ಮುಂದೆ ಈ ಪುಸ್ತಿಕೆಯ ಜಾತಕವೇ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯಂತ್ರಗಳು ರಾಶಿರಾಶಿ ಪುಸ್ತಕಗಳನ್ನು ಹೊರಹಾಕತೊಡಗಿದ್ದವು. ಅದಕ್ಕೆ ಪ್ರತಿಭಟನೆಯೋ ಎಂಬಂತೆ ವಿಲಿಯಂ ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಆರಂಭಿಸಿ, ಕೈಕಾಗದದ ಮೇಲೆ ಕೆಲವೇ ನೂರು ಪ್ರತಿ ಅಚ್ಚುಹಾಕುವ ಪದ್ಧತಿಗೆ ಗೌರವ ತಂದ. ಐರ್ಲೆಂಡಿನಲ್ಲಿ ಕವಿ ಯೇಟ್ಸನ ಸಹೋದರಿ ಎಲಿಜಬೆತ್ ಯೇಟ್ಸ್ ಡಬ್ಲಿನ್ ಸಮೀಪ ಒಂದು ಕೈಮುದ್ರಣಾಲಯ ನಡೆಸಿದಳು. ಅಲ್ಲಿಂದ 1903ರಲ್ಲಿ ಹೊರಬಂದ ಮೊದಲ ಪುಸ್ತಕ ಅಣ್ಣನ ‘ಇನ್ ದ ಸೆವೆನ್ ವುಡ್ಸ್’, ಪ್ರತಿಗಳು 325. ಲಂಡನ್ನಿನ ಹೊರವಲಯದ ರಿಚ್‌ಮಂಡಿನಲ್ಲಿ ಲೆನರ್ಡ್ ಮತ್ತು ವರ್ಜೀನಿಯಾ ವೂಲ್ಫ್ ದಂಪತಿ 1917ರಲ್ಲಿ ಮನೆಯೊಳಗೇ ಒಂದು ಸಣ್ಣ ಕೈಯಚ್ಚಿನ ಯಂತ್ರ ಇಟ್ಟುಕೊಂಡು ಹೊಗಾರ್ತ್ ಪ್ರೆಸ್ ಶುರುಮಾಡಿದರು. ಟಿ. ಎಸ್. ಎಲಿಯಟ್‌ನ ‘ಪೊಯಮ್ಸ್’ 1919ರಲ್ಲಿ ಅಲ್ಲಿ ಅಚ್ಚಾದಾಗ ಪ್ರತಿಗಳು 250ನ್ನೂ ಮುಟ್ಟಲಿಲ್ಲ. 1923ರಲ್ಲಿ ‘ದ ವೇಸ್ಟ್ ಲ್ಯಾಂಡ್’ ಅಲ್ಲಿ ಬಂದಾಗ ಅದರ ಮೊಳೆಗಳನ್ನು ವರ್ಜೀನಿಯಾ ಕೈಯಾರೆ ಜೋಡಿಸಿದ್ದಳು. ಪ್ರತಿಗಳು ಸುಮಾರು 460.

ಪ್ರತಿಗಳ ಸಂಖ್ಯೆಯನ್ನು ಹೀಗೆ ಮಿತಿಗೊಳಿಸುವುದು ಬರೀ ವ್ಯಾಪಾರದ ತಂತ್ರವಾಗಿರಲಿಲ್ಲ. ಸಣ್ಣ ಮುದ್ರಣಾಲಯದ ಬಳಿ ಸೀಸದ ಮೊಳೆಗಳು ಇರುತ್ತಿದ್ದುದೇ ಕಡಿಮೆ. ಕೆಲವು ಪುಟ ಜೋಡಿಸಿ, ಅಚ್ಚು ಮಾಡಿ, ಮೊಳೆಗಳನ್ನು ಬಿಚ್ಚಿ ಮತ್ತೆ ಗೂಡುಗಳಿಗೆ ತುಂಬಿದರೆ ಮಾತ್ರ ಮುಂದಿನ ಪುಟ. ಒಮ್ಮೆ ಬಿಚ್ಚಿದ ಮೇಲೆ ಅದೇ ಪುಟವನ್ನು ಮತ್ತೆ ತೆಗೆಯುವಂತಿಲ್ಲ. ಆದುದರಿಂದ ಕೊನೆಯ ಪುಟದಲ್ಲಿ ‘ಇಷ್ಟು ಪ್ರತಿ ಅಚ್ಚಾಗಿದೆ, ಇದು ಇಷ್ಟನೆಯದು’ ಎಂಬ ಟಿಪ್ಪಣಿ ಹಾಕುವುದು, ಅದರ ಕೆಳಗೆ ಕವಿ ಸಹಿ ಮಾಡುವುದು ರೂಢಿಗೆ ಬಂತು. ನಮ್ಮ ಓಲೆಗರಿ ಪ್ರತಿಗಳ ಕೊನೆಯಲ್ಲೂ ಲಿಪಿಕಾರ ಸಂವತ್ಸರ, ತಿಥಿ, ಊರು, ತನ್ನ ಹೆಸರು ಬರೆದು ಕೈಮುಗಿಯುತ್ತಿದ್ದನಲ್ಲವೇ? ಉದ್ದೇಶ ಹೆಚ್ಚುಕಡಿಮೆ ಒಂದೇ.

ಭಾರತದ ಒಂದು ಪ್ರಸಿದ್ಧ ಕೃತಿಯೂ ಹೊರನಾಡಿಗೆ ಕಾಲಿಟ್ಟದ್ದು ಇದೇ ಬಾಗಿಲಿನಿಂದ. ರವೀಂದ್ರನಾಥ ಟಾಗೋರರ ಇಂಗ್ಲಿಷ್ ‘ಗೀತಾಂಜಲಿ’ಯನ್ನು 1912ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿ ಯೇಟ್ಸನ ಮುನ್ನುಡಿಯೊಂದಿಗೆ ಪ್ರಕಟಿಸಿದಾಗ ಅಚ್ಚಾದದ್ದು 750 ಪ್ರತಿ, ಮಾರಾಟಕ್ಕಿದ್ದದ್ದು ಅದರಲ್ಲಿ 250 ಮಾತ್ರ. ಮರುವರ್ಷ ಮ್ಯಾಕ್‌ಮಿಲನ್ ಅದನ್ನು ಸಾರ್ವಜನಿಕ ಮುದ್ರಣಕ್ಕೆ ತಂದಿತು. ಅದೇ ವರ್ಷದ ಕೊನೆಗೆ ನೊಬೆಲ್ ಪಾರಿತೋಷಕ ಬಂತು.

ಕವಿತೆಯೇ ಯಾಕೆ?

ಕಾದಂಬರಿಗಿಂತ ಕವಿತೆಯ ಪುಸ್ತಿಕೆಗಳೇ ಇಷ್ಟು ಅಪರೂಪವಾಗುವುದಕ್ಕೆ ಕಾರಣ ಸರಳ. ಹೊಸ ಕವಿಯ ಪುಸ್ತಕಕ್ಕೆ ಪ್ರಕಾಶಕರು ಸಿಗುವುದಿಲ್ಲ. ಆತ ಕೈಯಿಂದ ಹಣ ಹಾಕಿ ಐವತ್ತೋ ನೂರೋ ಪ್ರತಿ ಮಾಡಿಸಿ ಸ್ನೇಹಿತರಿಗೆ ಹಂಚುತ್ತಾನೆ. ಮುಂದೆ ಕವಿ ದೊಡ್ಡವನಾದಾಗ ಆ ಮೊದಲ ಪುಸ್ತಿಕೆ ಎಲ್ಲಿ ಎಂದು ಹುಡುಕಾಟ ಶುರುವಾಗುತ್ತದೆ. ಎಡ್ಗರ್ ಅಲನ್ ಪೋ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, 1827ರಲ್ಲಿ, ಬಾಸ್ಟನ್ನಿನಲ್ಲಿ ‘ಟ್ಯಾಮರ್ಲೇನ್’ ಎಂಬ ನಲವತ್ತು ಪುಟಗಳ ಪುಸ್ತಿಕೆ ಅಚ್ಚುಮಾಡಿಸಿದ. ಶೀರ್ಷಿಕೆಯ ಪುಟದಲ್ಲಿ ಹೆಸರಿಲ್ಲ, ‘ಬಾಸ್ಟನ್ನಿನವನೊಬ್ಬ’ ಎಂದಷ್ಟೇ ಇದೆ. ಅಚ್ಚಾದದ್ದು ಸುಮಾರು ಐವತ್ತು ಪ್ರತಿ ಇರಬಹುದೆಂಬ ಅಂದಾಜು. ಈವರೆಗೆ ಬೆಳಕಿಗೆ ಬಂದಿರುವುದು ಹನ್ನೆರಡು. 1988ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಒಬ್ಬರಿಗೆ ಅದರ ಪ್ರತಿ 15 ಡಾಲರಿಗೆ ಸಿಕ್ಕಿತು. ಅದೇ ವರ್ಷ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1,98,000 ಡಾಲರ್. 2009ರಲ್ಲಿ ಇನ್ನೊಂದು ಪ್ರತಿ 6,62,500 ಡಾಲರಿಗೆ ಹೋಯಿತು.

ಇಂಥ ಸುದ್ದಿ ಓದಿದವರ ಮನಸ್ಸಿನಲ್ಲಿ ಆಸೆ ಹುಟ್ಟುವುದು ಸಹಜ. ಆಸೆ ಇದ್ದಲ್ಲಿ ಅದನ್ನು ಪೂರೈಸುವವರೂ ಹುಟ್ಟಿಕೊಳ್ಳುತ್ತಾರೆ.

ಎಲ್ಲರ ಗುರು, ಎಲ್ಲರ ತಜ್ಞ

1880ರ ದಶಕದ ಲಂಡನ್ನಿನಲ್ಲಿ ಟೆನಿಸನ್, ಬ್ರೌನಿಂಗ್, ಸ್ವಿನ್‌ಬರ್ನ್ ಮೊದಲಾದ ಸಮಕಾಲೀನ ಕವಿಗಳ ಮೊದಲ ಮುದ್ರಣಗಳನ್ನು ಸಂಗ್ರಹಿಸುವುದು ಹೊಸ ಶೋಕಿಯಾಗಿತ್ತು. ಆ ಲೋಕದಲ್ಲಿ ಥಾಮಸ್ ಜೇಮ್ಸ್ ವೈಸ್ ಎಂಬ ತರುಣ ಕಾಣಿಸಿಕೊಂಡ. 1859ರಲ್ಲಿ ಹುಟ್ಟಿದ ಈತ ಸುಗಂಧ ತೈಲದ ವ್ಯಾಪಾರ ಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿ ಸೇರಿ ಮೇಲೆ ಬಂದವನು. ಕಾಲೇಜಿನ ಓದಿಲ್ಲ. ಆದರೆ ಪುಸ್ತಕದ ಮೇಲೆ ಅಪಾರ ಪ್ರೀತಿ, ಚುರುಕಾದ ಕಣ್ಣು, ಅದಕ್ಕಿಂತ ಚುರುಕಾದ ವ್ಯಾಪಾರ ಬುದ್ಧಿ. ಬ್ರೌನಿಂಗ್ ಸೊಸೈಟಿ, ಶೆಲ್ಲಿ ಸೊಸೈಟಿಗಳಲ್ಲಿ ಓಡಾಡಿಕೊಂಡಿದ್ದ ವೈಸ್, ಶೆಲ್ಲಿಯ ಅಪರೂಪದ ಪುಸ್ತಿಕೆಗಳನ್ನು ಹಳೆಯದರಂತೆಯೇ ಕಾಣುವ ಹಾಗೆ ಮರುಮುದ್ರಣ ಮಾಡಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಅಚ್ಚು ಮಾಡಿಕೊಡುತ್ತಿದ್ದವರು ರಿಚರ್ಡ್ ಕ್ಲೇ ಅಂಡ್ ಸನ್ಸ್ ಎಂಬ ಹೆಸರಾಂತ ಮುದ್ರಕರು. ಇದರಲ್ಲಿ ಮೋಸವೇನೂ ಇರಲಿಲ್ಲ.

ಈ ಕೆಲಸದಿಂದಲೇ ಆತನಿಗೆ ಒಂದು ಯೋಚನೆ ಹೊಳೆದಂತಿದೆ. ಇರುವ ಪುಸ್ತಕವನ್ನು ನಕಲು ಮಾಡಿದರೆ ಅಸಲಿನ ಪಕ್ಕದಲ್ಲಿಟ್ಟು ಹೋಲಿಸಿ ಯಾರಾದರೂ ಹಿಡಿಯಬಹುದು. ಎಂದೂ ಇರದಿದ್ದ ಪುಸ್ತಕವನ್ನೇ ಸೃಷ್ಟಿಸಿಬಿಟ್ಟರೆ? ಕವಿತೆ ಕವಿಯದೇ, ಅದರಲ್ಲಿ ಸುಳ್ಳಿಲ್ಲ. ಸಂಪುಟದಲ್ಲಿ ಅದು ಸೇರುವುದಕ್ಕೆ ಕೆಲವು ವರ್ಷ ಮೊದಲು ಬಿಡಿಯಾಗಿ, ಖಾಸಗಿಯಾಗಿ ಅಚ್ಚಾಗಿತ್ತು ಎಂದು ಒಂದು ಹಿಂದಿನ ಇಸವಿ ಹಾಕಿದರೆ ಸಾಕು. ಹೋಲಿಸಲು ಅಸಲು ಎಂಬುದೇ ಇಲ್ಲ.

ಹೀಗೆ ಹುಟ್ಟಿದ ಪುಸ್ತಿಕೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ತನ್ನ ಪ್ರೇಮವನ್ನು ಕುರಿತು ಬರೆದ ಸುನೀತಗಳದ್ದು. ಆಕೆ ರಾಬರ್ಟ್ ಬ್ರೌನಿಂಗನನ್ನು 1846ರಲ್ಲಿ ಗುಟ್ಟಾಗಿ ಮದುವೆಯಾಗಿ ಇಟಲಿಗೆ ಹೋದಳು. ಸುನೀತಗಳು ಲೋಕಕ್ಕೆ ತಿಳಿದದ್ದು 1850ರ ಆಕೆಯ ಸಂಪುಟದಲ್ಲಿ. ವೈಸ್ ಹೊರತಂದ 47 ಪುಟಗಳ ಪುಸ್ತಿಕೆಯ ಮೇಲಿದ್ದುದು ‘ಸಾನೆಟ್ಸ್, ಇ.ಬಿ.ಬಿ. ಅವರಿಂದ, ರೆಡಿಂಗ್, ಪ್ರಕಟಣೆಗಲ್ಲ, 1847’ ಎಂಬ ವಿವರ. ಇದಕ್ಕೆ ತಕ್ಕ ಕಥೆಯೂ ಬೆಳೆಯಿತು. ಮದುವೆಯ ಬಳಿಕ ಪೀಸಾ ನಗರದಲ್ಲಿ ಎಲಿಜಬೆತ್ ಒಂದು ಬೆಳಗ್ಗೆ ಹಸ್ತಪ್ರತಿಯನ್ನು ಗಂಡನ ಜೇಬಿಗೆ ತುರುಕಿ ಓಡಿಹೋದಳಂತೆ. ಆಮೇಲೆ ಅದನ್ನು ರೆಡಿಂಗ್ ಸಮೀಪದಲ್ಲಿದ್ದ ಗೆಳತಿ ಮೇರಿ ರಸೆಲ್ ಮಿಟ್‌ಫರ್ಡಳಿಗೆ ಕಳಿಸಿ ಅಚ್ಚುಹಾಕಿಸಿದರಂತೆ. ವಿಮರ್ಶಕ ಎಡ್ಮಂಡ್ ಗಾಸ್ 1894ರಲ್ಲಿ ಇದನ್ನು ಬರೆದ. ಅಲ್ಲಿಂದ ಮುಂದೆ ನಲವತ್ತು ವರ್ಷ ಈ ಕಥೆ ಜೀವನಚರಿತ್ರೆಗಳಲ್ಲಿ ನಿಜವೆಂದೇ ಓಡಾಡಿತು. ಬ್ರೌನಿಂಗ್ ಸ್ವತಃ ಬರೆದ ಪತ್ರದ ಪ್ರಕಾರ ಹೆಂಡತಿ ಆತನಿಗೆ ಆ ಸುನೀತಗಳನ್ನು ತೋರಿಸಿದ್ದು 1849ರಲ್ಲಿ, ಬಾಗ್ನಿ ಡಿ ಲುಕ್ಕಾ ಎಂಬ ಊರಿನಲ್ಲಿ. ಎಂದರೆ ಗಂಡ ಕಣ್ಣಿಂದ ಕಾಣುವುದಕ್ಕೆ ಎರಡು ವರ್ಷ ಮೊದಲೇ ಪುಸ್ತಕ ಅಚ್ಚಾಗಿತ್ತು ಎಂದಾಯಿತು!

ವೈಸ್‌ನ ಕೀರ್ತಿ ಮಾತ್ರ ಬೆಳೆಯುತ್ತಲೇ ಹೋಯಿತು. ಒಬ್ಬೊಬ್ಬ ಕವಿಯ ಕೃತಿಗಳಿಗೂ ಆತ ವಿವರವಾದ ಗ್ರಂಥಸೂಚಿ ಬರೆದ; ಅವುಗಳಲ್ಲಿ ತನ್ನ ಸೃಷ್ಟಿಗಳಿಗೂ ಜಾಗ ಕೊಟ್ಟ. ಬಿಬ್ಲಿಯೊಗ್ರಾಫಿಕಲ್ ಸೊಸೈಟಿಯ ಅಧ್ಯಕ್ಷನಾದ. ಆಕ್ಸ್‌ಫರ್ಡ್ ಗೌರವ ಪದವಿ ಕೊಟ್ಟಿತು. ಶಿಕಾಗೋದ ಜಾನ್ ಹೆನ್ರಿ ರೆನ್ ಎಂಬ ಶ್ರೀಮಂತ ಆತನನ್ನೇ ನಂಬಿ ದೊಡ್ಡ ಗ್ರಂಥಾಲಯ ಕಟ್ಟಿದ. ಕೊಳ್ಳುವವರು ಅನುಮಾನ ಬಂದಾಗ ಯಾರನ್ನು ಕೇಳಬೇಕು? ವೈಸ್‌ನನ್ನೇ. ಮಾಡಿದವನು, ಮಾರಿದವನು, ಅಸಲಿ ಎಂದು ತೀರ್ಪು ಕೊಟ್ಟವನು ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಕಾಗದ ಮತ್ತು ಮೊಳೆ ಹೇಳಿದ ಸಾಕ್ಷಿ

ಈ ಕೋಟೆಯನ್ನು ಒಡೆದವರು ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ತರುಣ ಪುಸ್ತಕ ವ್ಯಾಪಾರಿಗಳು. 1934ರಲ್ಲಿ ಅವರು ಪ್ರಕಟಿಸಿದ ವಿಚಾರಣಾ ಗ್ರಂಥ ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ.

ಅವರನ್ನು ಕಾಡಿದ ಪ್ರಶ್ನೆಗಳಲ್ಲಿ ಸಹಿಯದೂ ಒಂದು. ‘ಪ್ರಕಟಣೆಗಲ್ಲ’ ಎಂದು ಅಚ್ಚುಹಾಕಿಸಿದ ಪುಸ್ತಿಕೆ ಇರುವುದೇ ಆಪ್ತರಿಗೆ ಕೊಡುವುದಕ್ಕೆ. ಹಾಗೆ ಕೊಟ್ಟಿದ್ದರೆ ಒಂದಾದರೂ ಪ್ರತಿಯ ಮೇಲೆ ‘ಇಂಥವರಿಗೆ, ಪ್ರೀತಿಯಿಂದ’ ಎಂಬ ಬರಹ, ತಾರೀಖು, ಸಹಿ ಇರಬೇಕಿತ್ತು. ಎಲಿಜಬೆತ್ ತಂಗಿಯರಿಗೆ, ಗೆಳತಿಯರಿಗೆ ಕೊಟ್ಟ ಒಂದು ಪ್ರತಿಯೂ ಇಲ್ಲ. ಆಕೆಯಾಗಲಿ ಮಿಟ್‌ಫರ್ಡ್ ಆಗಲಿ ಪತ್ರಗಳಲ್ಲಿ ಅದರ ಸುದ್ದಿ ಎತ್ತಿಲ್ಲ. ಆ ಕಾಲದವರು ಪುಸ್ತಿಕೆಗಳನ್ನು ಒಟ್ಟುಮಾಡಿ ಚರ್ಮದ ಬೈಂಡು ಹಾಕಿಸುತ್ತಿದ್ದರು; ಹಾಗೆ ಬೈಂಡಾದ ಪ್ರತಿಯೂ ಇಲ್ಲ. 1890ಕ್ಕೆ ಮೊದಲಿನ ಹರಾಜು ಪಟ್ಟಿಗಳಲ್ಲಿ ಅದರ ಹೆಸರಿಲ್ಲ. ಸಿಕ್ಕಿದ ಪ್ರತಿಗಳೆಲ್ಲ ನಿನ್ನೆ ಅಂಗಡಿಯಿಂದ ತಂದಂತೆ ಹೊಚ್ಚ ಹೊಸದಾಗಿದ್ದವು. ಐವತ್ತು ವರ್ಷದಲ್ಲಿ ಅದನ್ನು ಒಬ್ಬರೂ ಮುಟ್ಟಿರಲಿಲ್ಲ.

ಇದು ಅನುಮಾನ ಹುಟ್ಟಿಸಲು ಸಾಕು, ತೀರ್ಪಿಗೆ ಸಾಲದು. ಅವರು ಕಾಗದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿಸಿದರು. ಇಂಗ್ಲೆಂಡಿನಲ್ಲಿ 1861ರ ಸುಮಾರಿನವರೆಗೆ ಪುಸ್ತಕದ ಕಾಗದ ತಯಾರಾಗುತ್ತಿದ್ದುದು ಮುಖ್ಯವಾಗಿ ಹಳೆಯ ಬಟ್ಟೆಯ ಚಿಂದಿಯಿಂದ. ಬಳಿಕ ಸ್ಪೇನ್ ಮತ್ತು ಉತ್ತರ ಆಫ್ರಿಕದಿಂದ ಬರುವ ಎಸ್ಪಾರ್ಟೊ ಹುಲ್ಲು ಬಳಕೆಗೆ ಬಂತು. ರಾಸಾಯನಿಕವಾಗಿ ಸಂಸ್ಕರಿಸಿದ ಮರದ ತಿರುಳು ಬಂದದ್ದು 1874ರ ಸುಮಾರಿಗೆ. ‘1847’ರ ಸುನೀತಗಳ ಕಾಗದದಲ್ಲಿ ಮರದ ತಿರುಳಿನ ಎಳೆಗಳು ಕಂಡವು!

ಎರಡನೆಯ ಸಾಕ್ಷಿ ಅಚ್ಚಿನ ಮೊಳೆಯದು. ಇಂಗ್ಲಿಷಿನ ಎಫ್ ಮತ್ತು ಜೆ ಅಕ್ಷರಗಳ ಕೊಕ್ಕೆ ಹಳೆಯ ಮೊಳೆಗಳಲ್ಲಿ ಸೀಸದ ಅಂಚಿನಿಂದ ಹೊರಗೆ ಚಾಚಿರುತ್ತಿತ್ತು, ಬೇಗ ಮುರಿಯುತ್ತಿತ್ತು. ಈ ತೊಂದರೆ ತಪ್ಪಿಸಲು ಚಾಚು ಇಲ್ಲದ ಹೊಸ ಮೊಳೆಗಳನ್ನು ಕೆತ್ತಿಸಿದರು. ಅಂಥ ಎಫ್, ಜೆಗಳೂ, ಬೇರೊಂದು ಅಚ್ಚಿನಿಂದ ಬಂದು ಸೇರಿಕೊಂಡ ವಿಚಿತ್ರ ಪ್ರಶ್ನಾರ್ಥಕ ಚಿಹ್ನೆಯೂ ಪುಸ್ತಿಕೆಯಲ್ಲಿದ್ದವು. ಹುಡುಕುತ್ತಾ ಹೋದಾಗ ಅದು ರಿಚರ್ಡ್ ಕ್ಲೇ ಮುದ್ರಣಾಲಯದ ಮೊಳೆ, 1880ರ ನಂತರದ್ದು ಎಂದು ಖಚಿತವಾಯಿತು. ಹಿಂದೆ ವೈಸ್‌ನ ಕಚೇರಿಯಲ್ಲಿ ಕೆಲಸದ ಹುಡುಗನಾಗಿದ್ದ ಹರ್ಬರ್ಟ್ ಗೋರ್ಫಿನ್ ಎಂಬಾತನ ಬಳಿ ಇಂಥ ಪುಸ್ತಿಕೆಗಳ ಕಟ್ಟುಗಳೇ ಇದ್ದವು. ಎಲ್ಲವನ್ನೂ ಮಾರಿದವನು ವೈಸ್.

ಸುಮಾರು ಐವತ್ತು ಪುಸ್ತಿಕೆಗಳನ್ನು ಕಾರ್ಟರ್, ಪೊಲಾರ್ಡ್ ಪರೀಕ್ಷಿಸಿದರು. ಬಹುಪಾಲು ಖೋಟಾ ಇಲ್ಲವೇ ಸಂಶಯಾಸ್ಪದ. ವೈಸ್‌ನೇ ಅಪರಾಧಿ ಎಂದು ಅವರು ನೇರವಾಗಿ ಬರೆಯಲಿಲ್ಲ. ಬರೆಯುವ ಅಗತ್ಯವೂ ಉಳಿದಿರಲಿಲ್ಲ. ಎಪ್ಪತ್ತೈದರ ಅಂಚಿನಲ್ಲಿದ್ದ ಆತ ತಪ್ಪೊಪ್ಪಿಕೊಳ್ಳದೆ 1937ರಲ್ಲಿ ತೀರಿಕೊಂಡ. ಶೆಲ್ಲಿ, ಕೀಟ್ಸ್‌ರ ಗ್ರಂಥಸಂಪಾದಕನೆಂದು ಹೆಸರಾಗಿದ್ದ ಹ್ಯಾರಿ ಬಕ್ಸ್‌ಟನ್ ಫೋರ್ಮನ್ ಕೂಡ ಇದರಲ್ಲಿ ಪಾಲುದಾರನಾಗಿದ್ದ ಎಂಬುದಕ್ಕೆ 1945ರಲ್ಲಿ ದಾಖಲೆ ಹೊರಬಿತ್ತು. ವೈಸ್ ಬ್ರಿಟಿಷ್ ಮ್ಯೂಸಿಯಮ್ಮಿನ ಹಳೆಯ ನಾಟಕಗಳಿಂದ ಹಾಳೆ ಹರಿದು ತನ್ನ ಪ್ರತಿಗಳ ಕೊರತೆ ತುಂಬಿಕೊಂಡಿದ್ದನೆಂದು ಡೇವಿಡ್ ಫಾಕ್ಸನ್ 1950ರ ದಶಕದಲ್ಲಿ ತೋರಿಸಿದ. ಆತನ ಮರಣಾನಂತರ ಸಂಗ್ರಹವನ್ನು ಕೊಂಡಿದ್ದುದೂ ಅದೇ ಮ್ಯೂಸಿಯಂ! ತನ್ನ ಹಾಳೆಗಳನ್ನು ತಾನೇ ದುಡ್ಡು ಕೊಟ್ಟು ತಂದಂತಾಯಿತು.

ಸಹಿಯ ನಿಜವಾದ ಬೆಲೆ

ಇದರಿಂದ ನಷ್ಟವಾದದ್ದು ಯಾರಿಗೆ? ಹಣ ಕಳೆದುಕೊಂಡ ಸಿರಿವಂತರ ಬಗ್ಗೆ ಹೆಚ್ಚು ಮರುಗಬೇಕಿಲ್ಲ. ಕವಿತೆ ಓದುವವನಿಗೂ ಮೇಲ್ನೋಟಕ್ಕೆ ನಷ್ಟವಿಲ್ಲ, ಸುನೀತಗಳು ಎಲಿಜಬೆತ್ತಳವೇ. ಕೆಟ್ಟದ್ದು ಚರಿತ್ರೆ. ಒಬ್ಬ ಹೆಣ್ಣುಮಗಳು ತನ್ನ ಬಾಳಿನ ಅತ್ಯಂತ ಆಪ್ತ ಕವಿತೆಗಳನ್ನು ಮೂರು ವರ್ಷ ಗಂಡನಿಗೂ ತೋರಿಸದೆ ಇಟ್ಟುಕೊಂಡಿದ್ದಳು ಎಂಬುದು ಸತ್ಯ. ಆ ಮೌನಕ್ಕೆ ಒಂದು ಅರ್ಥವಿದೆ. ಅದನ್ನು ಅಳಿಸಿ, ಜೇಬಿಗೆ ತುರುಕಿ ಓಡಿದ ನವವಧುವಿನ ಚಿತ್ರ ಕೂಡಿಸಲಾಯಿತು. ಮಾರಾಟಕ್ಕೆ ಅನುಕೂಲವಾಗಲೆಂದು ಕಟ್ಟಿದ ಇಸವಿ ಆಕೆಯ ಬದುಕನ್ನೇ ತಿದ್ದಿಬಿಟ್ಟಿತು.

ಸಹಿ ಯಾಕೆ ಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಸಹಿ ಅಲಂಕಾರವಲ್ಲ. ಈ ಪುಸ್ತಕ ಇಂಥ ದಿನ ಇಂಥ ಕೈಯಿಂದ ಇಂಥ ಕೈಗೆ ದಾಟಿತು ಎಂಬುದಕ್ಕೆ ಅದು ಸಾಕ್ಷಿ. ಹಾಗೆಂದೇ ಅನುಭವಿ ಸಂಗ್ರಾಹಕರು ಸಹಿಗಳಲ್ಲೂ ತರತಮ ಮಾಡುತ್ತಾರೆ. ಮುದ್ರಣವಾದ ದಿನವೇ ನೂರು ಪ್ರತಿಗೆ ಸಾಲಾಗಿ ಹಾಕಿದ ಸಹಿಗಿಂತ, ಒಬ್ಬ ಗೆಳೆಯನ ಹೆಸರು ಬರೆದು, ತಾರೀಖು ಹಾಕಿ ಕೊಟ್ಟ ಪ್ರತಿ ಮೇಲು. ಕವಿ ತಾನೇ ಅಚ್ಚಿನ ತಪ್ಪು ತಿದ್ದಿದ ಪ್ರತಿ ಅದಕ್ಕಿಂತಲೂ ಮೇಲು. ಸಹಿಯನ್ನೂ ಖೋಟಾ ಮಾಡಬಹುದು ನಿಜ. ಆದರೆ ಸಹಿ, ಶಾಯಿ, ಕಾಗದ, ಹೊದಿಕೆ, ಹಳೆಯ ಒಡೆಯನ ಮುದ್ರೆ, ಅಂಗಡಿಯ ಚೀಟಿ ಎಲ್ಲವೂ ಸೇರಿ ಒಂದೇ ಮಾತು ಹೇಳಬೇಕು. ಒಂದು ಸಾಕ್ಷಿಯ ಬಾಯಿ ಕಟ್ಟುವುದು ಸುಲಭ, ಹತ್ತು ಸಾಕ್ಷಿಗಳ ಬಾಯಿ ಕಟ್ಟುವುದು ಕಷ್ಟ.

ಈ ಮಾತು ಕನ್ನಡದವರಿಗೂ ಸಲ್ಲುತ್ತದೆ. ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ. 1922ರಲ್ಲಿ, ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಂದ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಇಂಗ್ಲಿಷ್ ಕವನ ಪುಸ್ತಿಕೆ. ಎರಡು ವರ್ಷದ ಬಳಿಕ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಲು ಹೇಳಿದರು. ಬೇಂದ್ರೆಯವರ ‘ಕೃಷ್ಣಕುಮಾರಿ’ ಬಂದದ್ದೂ ಅದೇ 1922ರಲ್ಲಿ. ಇಬ್ಬರು ಮಹಾಕವಿಗಳ ದಾರಿ ಶುರುವಾದದ್ದು ಕೈಯಲ್ಲಿ ಹಿಡಿದರೆ ಭಾರವೇ ಆಗದ ಇಂಥ ಹೊತ್ತಗೆಗಳಿಂದ. ಸಮಗ್ರ ಸಂಪುಟಗಳಲ್ಲಿ ಕವಿತೆ ಉಳಿಯುತ್ತದೆ. ಅದರ ಮೊದಲ ಮುಖಪುಟ, ಅರ್ಪಣೆ, ಮುದ್ರಣಾಲಯದ ಹೆಸರು, ಬೆಲೆ, ಪ್ರತಿಗಳ ಸಂಖ್ಯೆ ಉಳಿಯುವುದು ಮೊದಲ ಪುಸ್ತಿಕೆಯಲ್ಲಿ ಮಾತ್ರ.

ಇವನ್ನು ಕಾಪಾಡಲು ಸಿರಿವಂತಿಕೆ ಬೇಡ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆ ಪುಸ್ತಕಗಳ ರಾಶಿಯಲ್ಲಿ, ಊರಿನ ಮನೆಯ ಅಟ್ಟದಲ್ಲಿ, ಸಹಿ ಇರುವ ಕವನ ಪುಸ್ತಿಕೆ ಸಿಗುವುದು ಅಸಾಧ್ಯವೇನಲ್ಲ. ಸಿಕ್ಕರೆ ಹೊದಿಕೆ ಕಿತ್ತು ಕ್ಯಾಲಿಕೋ ಬೈಂಡು ಹಾಕಿಸಬಾರದು. ಅಂಚು ಕತ್ತರಿಸಬಾರದು. ಪ್ಲಾಸ್ಟಿಕ್ ಅಂಟಿಸಬಾರದು. ‘ಪ್ರೀತಿಯ ಗೆಳೆಯನಿಗೆ’ ಎಂದು ಬರೆದದ್ದನ್ನು ಅಳಿಸಬಾರದು. ಒಳಗೆ ಸಿಕ್ಕಿದ ಆಹ್ವಾನ ಪತ್ರಿಕೆ, ಕಾಗದ, ರಸೀದಿಗಳನ್ನು ಎಸೆಯಬಾರದು. ಯಾರಿಂದ, ಎಲ್ಲಿ, ಯಾವಾಗ ಸಿಕ್ಕಿತೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ಸಂಶೋಧಕನಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ಕವಿಗಳೂ ಸಹಿ ಹಾಕುವಾಗ ಕೆಳಗೆ ದಿನಾಂಕ, ಊರು ಬರೆಯುವ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು. ಕಂಪ್ಯೂಟರಿನಿಂದ ಬೇಕೆಂದಾಗ ಬೇಕಾದಷ್ಟು ಪ್ರತಿ ತೆಗೆಯಬಹುದಾದ ಈ ಕಾಲದಲ್ಲಿ ‘ಸೀಮಿತ ಪ್ರತಿ’ ಎಂಬ ಮಾತಿಗೆ ಬಿಚ್ಚಿಟ್ಟ ಮೊಳೆಯ ಆಸರೆ ಇಲ್ಲ. ಹೇಳುವವರ ಪ್ರಾಮಾಣಿಕತೆಯೇ ಆಸರೆ.

ಒಂದು ತಮಾಷೆಯ ಸಂಗತಿಯನ್ನೂ ಹೇಳಬೇಕು. ವೈಸ್‌ನ ಖೋಟಾ ಪುಸ್ತಿಕೆಗಳನ್ನು ಈಗ ಖೋಟಾ ಎಂದು ತಿಳಿದೇ ಸಂಗ್ರಹಿಸುವವರಿದ್ದಾರೆ, ಅವಕ್ಕೂ ಒಳ್ಳೆಯ ಬೆಲೆ ಇದೆ. ಇದರಲ್ಲಿ ತಪ್ಪೇನಿಲ್ಲ. ಅವು ಈಗ ತಮ್ಮ ನಿಜವಾದ ಕಾಲವನ್ನು, ತಮ್ಮನ್ನು ಮಾಡಿದವನ ಹೆಸರನ್ನು ಸರಿಯಾಗಿಯೇ ಹೇಳುತ್ತವೆ. ಸುಳ್ಳು ಇಸವಿ ಹೊತ್ತ ಕಾಗದವೂ ಸರಿಯಾದ ವಿವರಣೆಯೊಡನೆ ಕಪಾಟಿನಲ್ಲಿ ಕುಳಿತರೆ ಚರಿತ್ರೆಗೆ ಉಪಯೋಗವಾಗುತ್ತದೆ. ಸಂಗ್ರಾಹಕ ಕೊಳ್ಳುವಾಗ ಬೆಲೆಯನ್ನು ಎಷ್ಟು ಬೇಕಾದರೂ ಚೌಕಾಸಿ ಮಾಡಲಿ. ರುಜುವಾತಿನ ವಿಷಯದಲ್ಲಿ ಮಾತ್ರ ರಾಜಿಯಾಗಬಾರದು.